ಎರಡನೆಯ ಭಾಗದ ಕೊನೆ

ಮೊಮ್ಮಕ್ಕಳೇ, ನಿಮ್ಮಲ್ಲಿ ಹಿರಿಯಳು ಒಮ್ಮೆ ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದಳು. ಕಾರಣ ಒಂದು ಪುಸ್ತಕ.

ಹಳೆಯ ಕಾಲದ ಕೋಟೆ, ಮಂತ್ರದ ಕತ್ತಿ, ಹದಿನಾರು ವರ್ಷದ ರಾಜಕುಮಾರಿ ಇರುವ ಕಥೆ ಅದು. ಮೊದಲ ಭಾಗವನ್ನು ಇಬ್ಬರೂ ಓದಿದ್ದೆವು. ಎರಡನೆಯದನ್ನು ಅವಳು ಹುಬ್ಬಳ್ಳಿಯಿಂದ ತಂದು, ಪರೀಕ್ಷೆ ಇದ್ದುದರಿಂದ ಮೊದಲು ನನಗೆ ಕೊಟ್ಟಳು. ನಲವತ್ತು ಪುಟ ಓದುವಷ್ಟರಲ್ಲಿ ಮುಂದಿನದೆಲ್ಲ ನನಗೆ ತಿಳಿದುಹೋಯಿತು. ಸೇನಾಪತಿ ಬಹಳ ನಗುತ್ತಿದ್ದ. ಸತ್ತನೆನ್ನುವ ರಾಜಕುಮಾರಿಯ ಅಣ್ಣನ ಹೆಣವನ್ನು ಯಾರೂ ನೋಡಿರಲಿಲ್ಲ.

ಪರೀಕ್ಷೆ ಮುಗಿದ ದಿನ ಅವಳು ನನ್ನ ಬಾಜು ಶೇಂಗಾ ಸುಲಿಯಲು ಕುಳಿತು, "ಪುಸ್ತಕ ಹೆಂಗೈತಿ?" ಎಂದು ಕೇಳಿದಳು.

"ಸೇನಾಪತಿ ಮೋಸ ಮಾಡ್ತಾನ. ಅಣ್ಣ ಜೀವಂತ ಬರ್ತಾನ," ಎಂದೆ.

"ಆಯೀ! ಕಡೀದು ಯಾಕ ಹೇಳಿದಿ ಬೇ? ಇನ್ನ ನಾ ಓದೂದೇನು, ರಟ್ಟು?"

ಆ ಸಿಟ್ಟು ನನಗೆ ಅರ್ಥವಾಗಲಿಲ್ಲ. ನಮ್ಮೂರ ಮಠದಲ್ಲಿ ಶ್ರಾವಣದ ಪುರಾಣ ಕೇಳಲು ತಡವಾಗಿ ಬಂದವರಿಗೆ, ಪಕ್ಕದವರು ಹಿಂದಿನದರ ಜೊತೆ ಮುಂದಿನದನ್ನೂ ಹೇಳಿಬಿಡುತ್ತಾರೆ. ಅದಕ್ಕಾಗಿ ಯಾರೂ ಎದ್ದು ಹೋಗುವುದಿಲ್ಲ.

ನಾನೂ ಕೊನೆಯವರೆಗೆ ಓದಿಲ್ಲ, ಅಂದಾಜಿನಿಂದ ಹೇಳಿದೆ ಎನ್ನಲು ನನಗೆ ಸಂಕೋಚ. ಮೂರನೆಯ ದಿನ ಹೇಳಿದೆ. ನನ್ನ ಅಂದಾಜು ತಪ್ಪಿರಬಹುದೆಂಬ ಆಸೆಯಿಂದ ಅವಳು ಒಂದೇ ಉಸಿರಿಗೆ ಓದಿ ಮುಗಿಸಿದಳು.

"ಅಗದಿ ನೀ ಹೇಳಿದಂಗ ಆತು," ಎಂದು ಪುಸ್ತಕ ಮುಚ್ಚಿದಳು.

ಮೂರನೆಯ ಭಾಗವನ್ನು ತಾನು ಓದಿದ ಮೇಲೆಯೇ ನನಗೆ ಕೊಟ್ಟಳು. ಅದರ ಕೊನೆಯೂ ನನಗೆ ಅರ್ಧದಲ್ಲೇ ತಿಳಿಯಿತು. ನೀವಿನ್ನೂ ಓದಿಲ್ಲವಾದ್ದರಿಂದ ಇಲ್ಲಿ ಬರೆಯುವುದಿಲ್ಲ.