ನಮ್ಮ ಬಿಲ್ಡಿಂಗಿನ ಖಾಲಿ ಕೋಣೆ

ಮುಂಬಯಿಗೆ ಬಂದ ಮೊದಲ ವಾರ. ವಡಾಲ ಸ್ಟೇಷನ್ನಿನ ಹೊರಗೆ ನಿಂತು ಮೈಸೂರಿನಲ್ಲಿದ್ದ ಅಮ್ಮನೊಡನೆ ಫೋನಿನಲ್ಲಿ ಮಾತಾಡುತ್ತಿದ್ದೆ. ಎರಡು ಹೆಜ್ಜೆ ಆಚೆ, ಗೋಡೆಗೊರಗಿ ಕೂತವನೊಬ್ಬ ಹಾಡಹಗಲೇ ತೋಳಿಗೆ ಸೂಜಿ ಚುಚ್ಚಿಕೊಂಡ. ನಾನು ಚೀರಿದೆ. ಅವನು ತಲೆಯೆತ್ತಿ, "ಹೆದರ್ಬೇಡಿ ಅಕ್ಕ, ನಾನು ಎಂತ ಮಾಡುದಿಲ್ಲ," ಎಂದ. ಅಚ್ಚ ಉಡುಪಿ ಕಡೆಯ ಕನ್ನಡ.

ಅವನು ಸದಾನಂದ. ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದವನು, ನಶೆಗೆ ಬಿದ್ದು ಫುಟ್‌ಪಾತ್ ಸೇರಿದ್ದ. ನಾನು ಕೆಲಸಕ್ಕೆ ಬಂದ ಸಂಸ್ಥೆ ಅಂಥವರಿಗೆ ಮೊದಲು ಮನೆ ಕೊಡುತ್ತದೆ. ಚಟ ಬಿಟ್ಟು ಬಾ ಎಂಬ ಷರತ್ತಿಲ್ಲ. ಬಾಗಿಲು ಹಾಕಿಕೊಂಡು ಮಲಗಲು ಜಾಗ ಸಿಕ್ಕ ಮೇಲೆ ಡಾಕ್ಟರು, ಔಷಧ ಎಲ್ಲ. ಊರಿನಲ್ಲಿದ್ದಾಗ ಇದು ನನಗೆ ತಲೆಕೆಳಗಾದ ಮಾತಾಗಿ ಕಂಡಿತ್ತು. ಇಲ್ಲಿ ನಾನೇ ಮನೆಗಾಗಿ ಅಲೆದಾಗ ಅರ್ಥವಾಯಿತು. ಮೈಸೂರಿನಲ್ಲಿ "ಯಾರ ಮಗಳಮ್ಮಾ ನೀನು?" ಎಂದು ಕೇಳಿ ಕೀಲಿ ಕೊಡುತ್ತಾರೆ. ಇಲ್ಲಿ ಸೊಸೈಟಿ, ಅಂದರೆ ಬಿಲ್ಡಿಂಗಿನವರ ಸಂಘ, ಒಪ್ಪಬೇಕು. ಒಂಟಿ ಹೆಂಗಸು, ಮರಾಠಿ ಬಾರದು. ಆರು ಕಡೆ ಬೇಡವೆನಿಸಿಕೊಂಡು ವಡಾಲದಲ್ಲಿ ನೆಲೆ ಕಂಡೆ. ಅಲ್ಲಿನ ಸೆಕ್ರೆಟರಿ ಕಾಕೂ, ಎಂದರೆ ಚಿಕ್ಕಮ್ಮ, ಬಿಸಿ ಅವಲಕ್ಕಿ ಪೋಹೆ ಕೊಟ್ಟು ಮರಾಠಿ ಕಲಿಸಿದರು. ನನ್ನ ಕೆಲಸವೇನೆಂದು ಮಾತ್ರ ಅವರಿಗೆ ನಾನು ಹೇಳಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ಸಂಸ್ಥೆಯವರು ನಮ್ಮ ಬಿಲ್ಡಿಂಗಿನಲ್ಲೇ ಕೆಳಗಿನ ಖಾಲಿ ಕೋಣೆಯನ್ನು ಸದಾನಂದನಿಗಾಗಿ ಕೇಳಿದರು. ಸಭೆ ಸೇರಿತು.

"ಗರ್ದುಲ್ಲಾ ಇಥೇ ನಕೋ," ಅಂದರು ಕಾಕೂ. ನಶೆಯವನು ಇಲ್ಲಿ ಬೇಡ. ಆಮೇಲೆ ನನ್ನ ಕಡೆ ತಿರುಗಿ, "ತುಲಾ ಕಾಯ್ ವಾಟತೇ?" ಎಂದರು. ನಿನಗೇನನ್ನಿಸುತ್ತದೆ?

ಅವನು ನನಗೆ ಗೊತ್ತು ಎನ್ನಬೇಕಿತ್ತು. ಬೇಡ ಎಂದವರ ಜೊತೆ ನಾನೂ ಕೈ ಎತ್ತಿದೆ.

ಮಲಾಡಿನಲ್ಲಿ ಬೇರೆ ಕೋಣೆ ಸಿಗುವಷ್ಟರಲ್ಲಿ ಮಳೆಗಾಲ ಕಳೆದಿತ್ತು. ಕೊಳಚೆ ನೀರಿನಲ್ಲಿ ಅವನ ಕಾಲಿನ ಹುಣ್ಣು ಕೊಳೆತು, ಆಸ್ಪತ್ರೆಯಲ್ಲಿ ಎಡಪಾದ ತೆಗೆದರು.

ಈಗ ಅವನು ತಪ್ಪದೆ ಔಷಧ ನುಂಗುತ್ತಾನೆ, ಸೂಜಿ ಅಪರೂಪ. ಹೋದ ಗುರುವಾರ ಅವನ ಕೋಣೆಗೆ ಹೋದಾಗ ಸ್ಟೂಲಿನ ಮೇಲೆ ಕೂತು ನೀರುದೋಸೆ ಮಾಡಿಕೊಟ್ಟ. ಅಂದಿನ ಸಭೆಯಲ್ಲಿ ನಡೆದದ್ದನ್ನೆಲ್ಲ ಹೇಳಿಬಿಟ್ಟೆ.

ಅವನು ಕಾವಲಿಗೆ ಹಿಟ್ಟು ಹುಯ್ದ. "ಹೇಳಿದ್ರೆ ನಿಮ್ಮ ಮನೆಯೂ ಹೋಗ್ತಿತ್ತೋ ಎಂತದೋ," ಎಂದ. ನಂತರ, "ಆದ್ರೂ ನೀವು ಹೇಳ್ಬೇಕಿತ್ತು ಅಕ್ಕ."

ಇನ್ನೊಂದು ದೋಸೆ ತಟ್ಟೆಗೆ ಹಾಕಿದ.

ಈಚೆಗೆ ಕಾಕೂ ನನ್ನನ್ನು ಎಲ್ಲರಿಗೂ 'ಆಪಲೀ ಮುಲಗೀ', ನಮ್ಮ ಹುಡುಗಿ, ಎಂದು ಪರಿಚಯಿಸುತ್ತಾರೆ. ಹಾಗೆ ಅನ್ನಿಸಿಕೊಳ್ಳಲು ಎಷ್ಟು ಹಂಬಲಿಸಿದ್ದೆ! ಈಗ ಅದು ಕಿವಿಗೆ ಬಿದ್ದಾಗಲೆಲ್ಲ ಊರಿಗೆ ಓಡಿಹೋಗೋಣ ಎನ್ನಿಸುತ್ತದೆ. ಗುರುವಾರ ಬಂದರೆ ಮಲಾಡಿಗೆ ಲೋಕಲ್ ರೈಲು ಹತ್ತುತ್ತೇನೆ.