ಅಂಬಿಗ ಕಾಕಾ ತಿದ್ದಿಸಿದ ಸಾಲು

ಊರೂರಲ್ಲಿ ಕೇಳಿದ್ದನ್ನು ನೋಟ್‌ಪ್ಯಾಡಿನಲ್ಲಿ ಟೈಪು ಮಾಡಿ, ಆ ಬರಹವನ್ನೇ ಬ್ಲಾಗಿಗೆ ಏರಿಸುವುದು ನನ್ನ ಹವ್ಯಾಸ. ಒಮ್ಮೆ ಸತ್ತಿ ಎಂಬ ಊರಿನ ಹೊಳೆದಂಡೆಯಲ್ಲಿ ಲ್ಯಾಪ್‌ಟಾಪ್ ತೆರೆದು, ಅಲ್ಲಿ ದೋಣಿ ನಡೆಸುವ ಅಂಬಿಗ ಕಾಕಾ ಹಿಂದೆ ಹೇಳಿದ್ದ, ನಾನು ಆಗಲೇ ಬ್ಲಾಗಿಗೆ ಏರಿಸಿದ್ದ ಮಾತುಗಳನ್ನು ಅವರಿಗೇ ಓದಿದೆ. ‘ಬೇಸಿಗೆಯಲ್ಲಿ ಇಲ್ಲಿ ಮೊಣಕಾಲುದ್ದ ನೀರು, ನಡೆದೇ ದಾಟಬಹುದು’ ಎಂಬಲ್ಲಿಗೆ ಬಂದಾಗ ಅವರು ತಡೆದರು.

“ಅದು ಹೋದ ವರ್ಷದ ಮಾತರಿ. ಈಗ ಉಸುಕು ತಗದಾರ, ಭಾಳ ಆಳ ಐತಿ. ಇದನ್ನ ಓದಿ ಯಾರರ ಇಳದ್ರ?”

ಕೂಡಲೇ ಆ ಸಾಲು ಅಳಿಸಿ, ‘ಅಂಬಿಗರನ್ನು ಕೇಳದೆ ಇಳಿಯಬೇಡಿ’ ಎಂದು ಬರೆದು ಮತ್ತೆ ಏರಿಸಿದೆ. ಫೋನಿನಲ್ಲಿ ಹೊಸ ಸಾಲು ತೋರಿಸಿದಾಗ ಕಾಕಾ ಬೆರಗಾದರು.

“ಇಷ್ಟ ಲಗೂ ಬದಲಾತೇನ್ರಿ! ಹಂಗಾರ ಹೊಳಿ ಬದಲಾದಂಗೆಲ್ಲ ತಿದ್ದತೀರೇನು?”

‘ನೀವು ತಿಳಿಸಿದರೆ ತಿದ್ದುತ್ತೇನೆ’ ಎಂದು ನನ್ನ ನಂಬರ್ ಕೊಟ್ಟು ಬಂದೆ. ಅಂದಿನಿಂದ ನೀರು ಏರಿಳಿದಾಗಲೆಲ್ಲ ಅವರ ಫೋನು ಬರುತ್ತದೆ. ಬ್ಲಾಗು ನನ್ನದೇ, ಆದರೆ ಈಗ ನಾನು ಕಾಕಾ ಅವರ ಟೈಪಿಸ್ಟ್ ಆಗಿದ್ದೇನೆ.