‘ಹೋದ’ ಅಲ್ಲ, ‘ಹೋಯಿತು’

ಬಾಹ್ಯಾಕಾಶಕ್ಕೆ ರೋಬಾಟ್‌ಗಳನ್ನು ಕಳಿಸುವ ವಿದ್ಯೆಯಲ್ಲಿ ನಮ್ಮ ಸಂಸ್ಥೆಗೆ ಇಂದು ನಾಲ್ಕು ಜನ ತಲೆಬಾಗುತ್ತಾರೆಂದರೆ, ಅದರ ಹಿಂದೆ ಈಗ ನಿವೃತ್ತರಾಗುತ್ತಿರುವ ಮುಖ್ಯ ವಿನ್ಯಾಸಕಿಯವರ ತಾಳ್ಮೆ, ಹಟ ಮತ್ತು ವ್ಯಾಕರಣ ಇವೆ. ತಾಳ್ಮೆಯನ್ನೂ ಹಟವನ್ನೂ ಈ ಅಭಿನಂದನ ಗ್ರಂಥದ ಇತರ ಲೇಖಕರು ಮನಸಾರೆ ಕೊಂಡಾಡಿರುತ್ತಾರೆ. ವ್ಯಾಕರಣದ ಸಂಗತಿಯನ್ನು ಹೇಳಲು ಈ ಲೇಖಕನೇ ಬೇಕಾಯಿತು. ಯಾರೀತ ಎಂದರೆ, ಚಂದ್ರನ ಮೇಲೆ ಇಳಿಯುವುದಕ್ಕೆಂದೇ ತರಬೇತಿ ಪಡೆದು, ಅವರ ದೆಸೆಯಿಂದ ನೆಲದ ಮೇಲೆಯೇ ಉಳಿದ ಯಾತ್ರಿ. ಗೌರವದಿಂದ ಬರೆಯಬೇಕೆಂದು ಸಂಪಾದಕರು ಈತನಿಗೆ ಪ್ರತ್ಯೇಕವಾಗಿ ಹೇಳಿ ಕಳಿಸಿದ್ದಾರೆ. ಗೌರವಕ್ಕೆ ಕೊರತೆಯಿಲ್ಲ, ಹೊಟ್ಟೆಕಿಚ್ಚಿಗೂ ಕೊರತೆಯಿಲ್ಲ. ಎರಡನ್ನೂ ಬೇರ್ಪಡಿಸುವ ಉಪಕರಣ ಸಂಸ್ಥೆಯ ಉಗ್ರಾಣದಲ್ಲಿ ಸಿಗಲಿಲ್ಲ.

ಆ ಕಾಲದಲ್ಲಿ ನೌಕೆಯಲ್ಲಿದ್ದದ್ದು ಒಂದೇ ಆಸನ. ಅದರ ಅಳತೆಯನ್ನು ಈತನ ಬೆನ್ನಿಗೆ ಹೊಂದಿಸಿ ತೆಗೆದಿದ್ದರು. ಬೀದಿಯಲ್ಲಿ ಹೋಗುವಾಗ ಅಂಗಡಿಯವರು ಕರೆದು ನಿಲ್ಲಿಸಿ ಮಾತಾಡಿಸುತ್ತಿದ್ದ ದಿನಗಳವು; ಈತ ನೆಲದ ಮೇಲೆ ನಡೆಯುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಅಂಥ ಹೊತ್ತಿನಲ್ಲಿ ತೀರ್ಮಾನದ ಸಭೆ ಸೇರಿತು. ವಿನ್ಯಾಸಕಿಯವರು ಎದ್ದು ನಿಂತು, ಮಾತಿಗೆ ಒಗ್ಗರಣೆ ಹಾಕದೆ ಹೇಳಿಬಿಟ್ಟರು: “ಇಳಿಸೋದೇ ನಮಗಿನ್ನೂ ಸರಿಯಾಗಿ ಬರಲ್ಲ. ವಾಪಸ್ ಕರ್ಕೊಂಡು ಬರೋದು ದೂರದ ಮಾತು. ಈ ಸಲ ಅದು ಹೋಗಲಿ.”

ಅಧ್ಯಕ್ಷರು ಈತನ ಕಡೆ ಕೈ ತೋರಿಸಿ, “ಅವರೇ ಒಪ್ಪಿದ್ದಾರಲ್ಲಮ್ಮ?” ಎಂದರು.

“ಅವರು ಒಪ್ತಾರೆ ಸರ್. ಅವರ ಮನೆಯವರನ್ನ ಯಾರಾದ್ರೂ ಕೇಳಿದ್ರಾ?”

‘ಅದು’ ಎಂದರೆ ಅವರೇ ಕಟ್ಟಿದ ರೋಬಾಟ್. ಎರಡು ಕೈ, ಆರು ಚಕ್ರ, ಕುತ್ತಿಗೆಯೇ ಇಲ್ಲ. ಸಿಬ್ಬಂದಿಯೆಲ್ಲ ಅದನ್ನು ಪ್ರೀತಿಯಿಂದ ‘ಗಿಡ್ಡ’ ಎನ್ನುತ್ತಿದ್ದರು. ಗಿಡ್ಡ ಎದ್ದ, ಗಿಡ್ಡ ಮಲಗಿದ ಎಂದು ಮನೆ ಮಗುವಿನ ಸಮಾಚಾರದಂತೆ ಹೇಳಿಕೊಳ್ಳುತ್ತಿದ್ದರು. ವಿನ್ಯಾಸಕಿಯವರ ಬಾಯಲ್ಲಿ ಮಾತ್ರ ಅದು ಎದ್ದಿತು, ಅದು ಮಲಗಿತು. ಹೀಗಾಗಿ ಬೆನ್ನ ಹಿಂದೆ ಅವರಿಗೆ ‘ಅದಕ್ಕ’ ಎಂಬ ಬಿರುದು ಬಂದಿತ್ತು. ಹೆತ್ತ ಕರುಳಿಗೇ ಮಮತೆಯಿಲ್ಲವಲ್ಲ ಎಂದು ಈತನೂ ಆಡಿಕೊಂಡವರಲ್ಲಿ ಒಬ್ಬ.

ಸಭೆ ಮುಗಿದ ಮೇಲೆ ಮೊಗಸಾಲೆಯಲ್ಲಿ ಈತ ಅವರನ್ನು ಅಡ್ಡಗಟ್ಟಿದ. “ನನಗಿಂತ ಆ ತಗಡಿನ ಡಬ್ಬ ಹೆಚ್ಚಾಯ್ತಾ ಮೇಡಂ?”

“ಹೆಚ್ಚಲ್ಲ ಕಣ್ರಿ. ಕಮ್ಮಿ ಅಂತಾನೇ ಕಳಿಸ್ತಿದ್ದೀನಿ,” ಎಂದು ಅವರು ಹೊರಟೇಹೋದರು.

ಸಿಟ್ಟಿನಲ್ಲಿದ್ದವನ ಕಿವಿಗೆ ಬಿದ್ದದ್ದು ‘ಕಮ್ಮಿ’ ಎಂಬುದೊಂದೇ, ಅದೂ ತನ್ನನ್ನೇ ಅಂದಂತೆ. ಮನೆಗೆ ಬಂದು ಊಟ ಬಿಟ್ಟು ಮಲಗಿದ. ಹೆಂಡತಿ ಬಾಗಿಲ ಮರೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು; ದುಃಖಕ್ಕಲ್ಲ, ನೆಮ್ಮದಿಗೆ ಎಂಬುದು ಈತನಿಗೆ ಗೊತ್ತಾಗಿ ಇನ್ನಷ್ಟು ಉರಿಯಿತು. “ಅಲ್ರೀ, ಗಂಡಸಾಗಿ ಹುಟ್ಟಿ ನಿಮಗೆ ಸವತಿ ಮತ್ಸರವಾ? ಅದೂ ಕುತ್ತಿಗೆ ಇಲ್ಲದ ಸವತಿ ಮೇಲೆ!” ಎಂದು ಅವಳು ನಕ್ಕಳು. ಮರುವಾರವೇ ವಿನ್ಯಾಸಕಿಯವರ ಮನೆಗೆ ಹೋಗಿಬಂದಳು. ಅಂದಿನಿಂದ ಅವರಿಬ್ಬರೂ ಅಕ್ಕತಂಗಿಯರು. ಸ್ವಂತ ಮನೆಯಲ್ಲೇ ಈತನ ಕಡೆ ಒಂದು ಮತ ಕಡಿಮೆಯಾಯಿತು.

ಗಾಯದ ಮೇಲೆ ಬರೆ ಎಳೆದದ್ದು ಆಮೇಲೆ. ಗಿಡ್ಡ ಚಂದ್ರನ ನೆಲದಲ್ಲಿ ಕಂಪನ ಅಳೆಯುವ ಪೆಟ್ಟಿಗೆಯೊಂದನ್ನು ಬೋಲ್ಟ್ ಹಾಕಿ ಕೂರಿಸಬೇಕಿತ್ತು. ಆ ಕೆಲಸ ಕಲಿತಿದ್ದ ಕೈ ಈತನದು. ವಿನ್ಯಾಸಕಿಯವರು ಖುದ್ದಾಗಿ ಬಂದು, ತಂತಿಗಳನ್ನು ಹೆಣೆದ ಕೈಗವಸೊಂದನ್ನು ಮೇಜಿನ ಮೇಲಿಟ್ಟು, “ನಿಮ್ಮಷ್ಟು ಚೆನ್ನಾಗಿ ಯಾರಿಗೂ ಬರಲ್ಲ. ಅದಕ್ಕೆ ಕಲಿಸಿಕೊಡಿ,” ಎಂದರು. ತನ್ನ ಜಾಗ ಕಿತ್ತುಕೊಂಡವನಿಗೆ ತಾನೇ ಪಾಠ ಹೇಳುವ ಯೋಗ ಎಷ್ಟು ಜನಕ್ಕೆ ಸಿಕ್ಕೀತು! ಈತ ಗವಸು ತೊಟ್ಟು ಬೋಲ್ಟ್ ಬಿಗಿಮಾಡುತ್ತಿದ್ದರೆ ಗಾಜಿನ ಆಚೆ ಗಿಡ್ಡ ಹಾಗೆಯೇ ಮಾಡುತ್ತಿತ್ತು. ಒಂದು ವಾರದಲ್ಲಿ ಗುರುವಿಗಿಂತ ಚೊಕ್ಕವಾಗಿ ಮಾಡತೊಡಗಿತು. ಈತ ಅದನ್ನು ಹೊಗಳಲಿಲ್ಲ.

ಮೊದಲ ಗಿಡ್ಡನ ಕಥೆ ಲೋಕಕ್ಕೇ ತಿಳಿದಿದೆ. ಇಳಿಯುವ ಕೊನೆಯ ಗಳಿಗೆಯಲ್ಲಿ ನೌಕೆ ವೇಗ ತಗ್ಗಿಸಿಕೊಳ್ಳದೆ ನೆಲಕ್ಕೆ ಅಪ್ಪಳಿಸಿತು. ನಿಯಂತ್ರಣ ಕೊಠಡಿಯ ಪರದೆಗಳೆಲ್ಲ ಕಪ್ಪಾದವು. ಯಾರೋ ಬಿಕ್ಕುತ್ತ “ಗಿಡ್ಡ ಹೋದ,” ಎಂದರು.

ವಿನ್ಯಾಸಕಿಯವರು ಕುರ್ಚಿಯಿಂದ ಎದ್ದರು. ಅವರ ಧ್ವನಿ ಏರಿದ್ದನ್ನು ಅಂದಿನವರೆಗೆ ಯಾರೂ ಕೇಳಿರಲಿಲ್ಲ. “ಹೋದ ಅನ್ನಬೇಡಿ! ಹೋಯ್ತು ಅನ್ನಿ. ಹೋದ ಅನ್ನೋ ದಿನ ಈ ಕೋಣೆಗೆ ಬರಬಾರದು. ನಾನಿರೋವರೆಗೂ ಬರಬಾರದು.” ಹೇಳುವಾಗ ಅವರು ನೋಡುತ್ತಿದ್ದದ್ದು ಪರದೆಯನ್ನಲ್ಲ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ಈತನನ್ನು.

ಚೂರಾದ ನೌಕೆಯ ಆ ಆಸನ ಯಾರ ಬೆನ್ನಿನ ಅಳತೆಯದು ಎಂಬುದು ಆಗ ಈತನ ತಲೆಗೆ ಹೊಳೆಯಿತು. ಹಾಗೆಂದು ಹೊಟ್ಟೆಕಿಚ್ಚು ಆರಿತೆಂದು ಓದುಗರು ಭಾವಿಸಬಾರದು. ಬಿದ್ದರೂ ಚಂದ್ರನ ಮೇಲೆಯೇ ಬಿತ್ತಲ್ಲ ಎಂದು ಒಳಗೊಳಗೇ ಕರುಬಿದ ಮನುಷ್ಯ ಈತ. ಬದುಕಿಸಿದವರಿಗೆ ಕೃತಜ್ಞನಾಗಿರುವುದು ಸುಲಭವಲ್ಲ, ಬದುಕಿಸುವಾಗ ಅವರು ನಮ್ಮ ಆಸೆಯನ್ನು ಬದುಕಿಸದೇ ಇದ್ದಾಗಲಂತೂ.

ಮೊದಲನೆಯದು ಕಲಿತ ಪಾಠವನ್ನೇ ತುಂಬಿಸಿ ಕಳಿಸಿದ ಎರಡನೆಯ ಗಿಡ್ಡ ಹಗುರಾಗಿ ಇಳಿಯಿತು. ಪೆಟ್ಟಿಗೆಯನ್ನಿಟ್ಟಿತು, ಬೋಲ್ಟ್ ತಿರುಗಿಸಿತು, ಬಿಗಿಮಾಡಿತು. ಆಮೇಲೆ ಪಟ್ಟಿಯಲ್ಲಿಲ್ಲದ ಒಂದು ಕೆಲಸ ಮಾಡಿತು. ಬೆರಳು ಮಡಚಿ, ಗೆಣ್ಣಿನಿಂದ ಬೋಲ್ಟಿನ ತಲೆಯನ್ನು ಟಕ್ ಟಕ್ ಎಂದು ಎರಡು ಸಲ ತಟ್ಟಿತು. ಟಕ್ ಟಕ್ ಎಂಬುದು ನಮ್ಮ ಮಾತು, ಅಲ್ಲಿ ಸದ್ದೆಲ್ಲಿಯದು?

ಹಿಂದಿನ ಸಾಲಿನಲ್ಲಿ ಈತ ತನ್ನ ಬೆರಳ ಗೆಣ್ಣನ್ನು ನೋಡಿಕೊಂಡ. ಆ ತಟ್ಟು ಈತನದು. ವಿಮಾನ ದುರಸ್ತಿಯ ಶೆಡ್ಡಿನಲ್ಲಿ ಕೆಲಸ ಮಾಡುವಾಗ ಅಂಟಿದ ಚಾಳಿ: ಬಿಗಿಯಾದ ಬೋಲ್ಟಿನ ಸದ್ದೇ ಬೇರೆ, ತಟ್ಟಿ ಕೇಳದೆ ಬಿಟ್ಟುಹೋಗಲು ಮನಸ್ಸು ಬರುವುದಿಲ್ಲ. ಗವಸು ತೊಟ್ಟಾಗಲೂ ತನಗೇ ತಿಳಿಯದಂತೆ ತಟ್ಟಿದ್ದ, ಯಂತ್ರ ಅದನ್ನೂ ಪಾಠವೆಂದೇ ಕಲಿತಿತ್ತು.

ತಂತ್ರಾಂಶ ವಿಭಾಗದ ಮುಖ್ಯಸ್ಥರು ಹಣೆ ಚಚ್ಚಿಕೊಂಡರು. “ಇದನ್ನ ತೆಗೆದುಹಾಕ್ತೀನಿ ಅಂತ ಆಗಲೇ ಬಡ್ಕೊಂಡೆ. ಅಲ್ಲಿ ಗಾಳೀನೇ ಇಲ್ಲ, ಸದ್ದು ಯಾರಿಗೆ ಕೇಳ್ಬೇಕು? ಬ್ಯಾಟರಿ ದಂಡ! ನೀವೇ ‘ಇರಲಿ ಬಿಡಿ’ ಅಂದ್ರಿ ಮೇಡಂ.”

“ಹೌದು, ನಾನೇ ಅಂದೆ.”

“ಯಾಕೆ ಅಂತ ಇವತ್ತಾದ್ರೂ ಹೇಳಿ. ಅದು ಸುಮ್ಮನೆ ಯಾಕೆ ತಟ್ತು?”

“ಅದು ತಟ್ಟಲಿಲ್ಲ,” ಎಂದರು ವಿನ್ಯಾಸಕಿಯವರು. ಹಿಂದಿನ ಸಾಲಿನ ಕಡೆ ಕೈ ತೋರಿಸಿದರು. “ಅವರು ತಟ್ಟಿದ್ರು.”

ಇಡೀ ಸೇವಾವಧಿಯಲ್ಲಿ ಚಂದ್ರನ ಮೇಲಿನ ಕೆಲಸವೊಂದಕ್ಕೆ ಅವರು ‘ಅವರು’ ಎಂದದ್ದು ಅದೊಂದೇ ಸಲ. ಕೊಠಡಿಯವರೆಲ್ಲ ಹಿಂದಿರುಗಿ ನೋಡಿದರು. ಈತ ಏನೋ ಬಿದ್ದಿತೆಂಬ ನೆವದಲ್ಲಿ ಬಗ್ಗಿ ಮೇಜಿನ ಕೆಳಗೆ ಹುಡುಕತೊಡಗಿದ, ಬಹಳ ಹೊತ್ತು ಹುಡುಕಿದ. ಆ ಮಾತಿಗೆ ಈತ ಸಾಯುವವರೆಗೂ ಋಣಿ. ಆದರೂ ತನ್ನ ಕೈ ಹೋದ ಕಡೆ ತಾನು ಹೋಗಲಿಲ್ಲವಲ್ಲ ಎಂಬ ಉರಿ ಅಂದು ಮೊದಲಿಗಿಂತ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. “ನನ್ನ ಮೈದುನ ಹುಷಾರಾಗಿದ್ದಾನಂತಾ?” ಎಂದು ಅಂದು ಸಂಜೆ ಹೆಂಡತಿ ಕೇಳಿದಳು. ಸವತಿಗೆ ಬಡ್ತಿ ಸಿಕ್ಕಿತ್ತು.

ಈಗ ನೌಕೆ ಹೋಗಿ ಹಿಂದಿರುಗುವುದನ್ನೂ ಕಲಿತಿದೆ. ಮೊದಲ ಬಾರಿಗೆ ಮನುಷ್ಯರೊಬ್ಬರು ಹೊರಡಲಿದ್ದಾರೆ. ಪಕ್ಕದಲ್ಲಿ ಸಹಾಯಕ್ಕೆ ಮೂರನೆಯ ಗಿಡ್ಡ. ಆಸನವನ್ನು ಒಬ್ಬ ಪೈಲಟ್ ಹೆಣ್ಣುಮಗಳ ಬೆನ್ನಿನ ಅಳತೆಗೆ ಮಾಡಲಾಗಿದೆ. ಅದರ ಬೋಲ್ಟುಗಳನ್ನು ಪರೀಕ್ಷಿಸುವ ಕೆಲಸವನ್ನು ವಿನ್ಯಾಸಕಿಯವರು ಈತನಿಗೇ ವಹಿಸಿದ್ದಾರೆ. ಈತ ಒಂದೊಂದನ್ನೂ ಬಿಗಿಮಾಡಿ, ತಟ್ಟಿ, ಕಿವಿಗೊಟ್ಟು ಕೇಳಿದ್ದಾನೆ. ಇಲ್ಲಿ ಗಾಳಿಯಿದೆ, ಸದ್ದು ಕೇಳಿಸಿತು.

ಪೂಜ್ಯ ವಿನ್ಯಾಸಕಿಯವರಿಗೆ ದೀರ್ಘಾಯುಷ್ಯವೂ ಆರೋಗ್ಯವೂ ಒದಗಲಿ. ಆದರೆ ವಿಶ್ರಾಂತಿ ಸಿಗಲಿ ಎಂದು ಮಾತ್ರ ಈ ಲೇಖಕ ಹಾರೈಸಲಾರ. ಆ ಹೆಣ್ಣುಮಗಳು ಹೋಗಿ ಬರುವವರೆಗೂ ಅವರು ಸಲಹೆಗಾರರಾಗಿ ಅದೇ ಕೊಠಡಿಯಲ್ಲಿ, ಅದೇ ಕುರ್ಚಿಯಲ್ಲಿ ಕುಳಿತು, ಎಲ್ಲರ ವ್ಯಾಕರಣ ತಿದ್ದುತ್ತಿರಲಿ. ಅವಳ ಮೇಲೂ ಈತನಿಗೆ ಬೇಕಾದಷ್ಟು ಹೊಟ್ಟೆಕಿಚ್ಚಿದೆ. ಅವಳು ಮೊದಲು ಸುಖವಾಗಿ ಮನೆಗೆ ಬರಲಿ. ಉರಿದುಕೊಳ್ಳುವುದೇನಿದ್ದರೂ ಈತ ಆಮೇಲೆ ನಿಧಾನವಾಗಿ ಉರಿದುಕೊಳ್ಳುತ್ತಾನೆ.